ಬರೀ ಸಂಬಳ ನೋಡಿ ಜನ ಊರು ಬಿಡುತ್ತಾರಾ?

ಗೆಳೆಯಾ,

ಒಳ್ಳೆಯ ರಂಗಮಂದಿರ ಇದ್ದರೆ ಸಾಕು, ಓದಿದ ಹುಡುಗರು ತಾವಾಗಿ ಆ ಊರಿಗೆ ಬರುತ್ತಾರೆ, ಅವರ ಹಿಂದೆ ಕಂಪನಿಗಳೂ ಬರುತ್ತವೆ ಅಂತ ಬರೆದಿದ್ದೀಯ. ಕೇಳೋಕೇನೋ ಚೆನ್ನಾಗಿದೆ. ಆದರೆ ದುಡ್ಡಿರುವ ಊರೇ ಅಲ್ವಾ ರಂಗಮಂದಿರ ಕಟ್ಟಿಸುವುದು? ಯಾವುದು ಮೊದಲು, ಯಾವುದು ಆಮೇಲೆ?

ಈ ಗಂಟು ಬಿಡಿಸೋಕೆ ಫಾಲ್ಕ್, ಫ್ರಿಟ್ಶ್, ಹೆಬ್ಲಿಶ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಒಂದು ಜಾಣ ದಾರಿ ಹುಡುಕಿದರು. ಹಿಂದೆ ಜರ್ಮನಿ ನೂರಾರು ಪುಟ್ಟ ಸಂಸ್ಥಾನಗಳಾಗಿತ್ತು. ಒಬ್ಬ ದೊರೆ ಒಪೆರಾ ಮಂದಿರ, ಅಂದರೆ ಹಾಡಿನಲ್ಲೇ ನಡೆಯುವ ನಾಟಕಗಳ ರಂಗಮಂದಿರ, ಕಟ್ಟಿಸಿದರೆ ಪಕ್ಕದವನಿಗೂ ಬೇಕು. ಬೈರೊಯ್ಟ್ ಎಂಬ ಊರಿನದ್ದು ದೊರೆಮಗಳ ಮದುವೆಗೆಂದು 1748ರಲ್ಲಿ ಬಾಗಿಲು ತೆರೆಯಿತು, ಒಳಗೆಲ್ಲ ಮರದ ಕೆಲಸ, ಇವತ್ತಿಗೂ ಇದೆ. ಕಾರ್ಖಾನೆಗಳು ಬರುವ ಮುಂಚೆಯೇ, ಊರಿನ ವ್ಯಾಪಾರ ನೋಡಿ ಅಲ್ಲ, ದೊರೆಗಳ ಶೋಕಿಗೆ ಎದ್ದ ಕಟ್ಟಡಗಳು ಇವು. ಆದರೂ ಅವುಗಳ ಆಸುಪಾಸಿನಲ್ಲಿ ಇವತ್ತು ಹೆಚ್ಚು ಓದಿದವರು ಜಾಸ್ತಿ, ಬೆಳವಣಿಗೆಯೂ ಜಾಸ್ತಿ ಅಂತ ಅವರು ತೋರಿಸಿದರು.

ತಡಿ, ಈಗಲೇ ಬೀಗಬೇಡ. ಆಮೇಲೆ ಬೇರೆ ಕೆಲವರು ಅದೇ ಲೆಕ್ಕವನ್ನು ಹಳೇ ಬಿಯರ್ ಭಟ್ಟಿಗಳಿಗೂ ವೇಶ್ಯಾಗೃಹಗಳಿಗೂ ಹಾಕಿ ನೋಡಿದರು. ಹೆಚ್ಚುಕಮ್ಮಿ ಅಷ್ಟೇ ಉತ್ತರ ಬಂತು! ಇದೆಲ್ಲ ಇದ್ದ ಊರುಗಳು ಮೊದಲಿಂದಲೂ ಜನ ಸೇರುವ ಊರುಗಳೇ ಆಗಿದ್ದಿರಬೇಕು, ಒಪೆರಾಕ್ಕೆ ಸುಮ್ನೆ ಹೆಸರು ಬಂತು ಅಂತ ನನಗನಿಸುತ್ತದೆ.

ನನಗೆ ಹಿಡಿಸಿದ್ದು ಇನ್ನೊಂದು ಕೆಲಸ. 1880ರ ಆಸುಪಾಸಿನಲ್ಲಿ ವೆಂಕರ್ ಎಂಬಾತ ಜರ್ಮನಿಯ ಶಾಲೆ ಮೇಷ್ಟ್ರುಗಳಿಗೆ 40 ವಾಕ್ಯ ಕಳಿಸಿ, ನಿಮ್ಮೂರ ಮಾತಿನಲ್ಲಿ ಬರೆದು ಕಳಿಸಿ ಅಂದ. ಚಳಿಗಾಲದಲ್ಲಿ ಒಣಗಿದ ಎಲೆಗಳು ಗಾಳಿಯಲ್ಲಿ ಹಾರಾಡುತ್ತವೆ ಅನ್ನುವುದು ಮೊದಲನೆಯದು, ಉಳಿದವೂ ಇಂಥ ಸೀದಾ ಮಾತುಗಳೇ. 40,000ಕ್ಕೂ ಹೆಚ್ಚು ಉತ್ತರ ಬಂದವು. ಅದೇ ಫಾಲ್ಕ್, ಹೆಬ್ಲಿಶ್ ಇನ್ನಿಬ್ಬರ ಜೊತೆ ಸೇರಿ 2012ರಲ್ಲಿ ಅವನ್ನು ಈಗಿನ ವಲಸೆಯ ಅಂಕಿಗಳ ಪಕ್ಕ ಇಟ್ಟು ನೋಡಿದರು. ಊರಿಂದ ಊರಿಗಿರುವ ದೂರ, ಹೋಗಿ ಬರುವ ಹೊತ್ತು ಎಲ್ಲ ಲೆಕ್ಕಕ್ಕೆ ಹಿಡಿದ ಮೇಲೂ, ಆಗ ಯಾವ ಎರಡು ಪ್ರದೇಶಗಳ ಮಾತು ಒಂದನ್ನೊಂದು ಹೋಲುತ್ತಿತ್ತೋ ಅವುಗಳ ನಡುವೆ ಈಗ ಜನ ಮನೆ ಬದಲಿಸುವುದು ಜಾಸ್ತಿ. ಒಂದೇ ದೇಶ, ಒಂದೇ ಕಾನೂನು, ಎಲ್ಲರೂ ಶಾಲೆಯಲ್ಲಿ ಕಲಿತ ಒಂದೇ ಜರ್ಮನ್, ಆದರೂ ಹೀಗೆ! ಮಾತು ಒಂದೇ ಥರ ಇದೆ ಅಂದರೆ ಹಿಂದಿನಿಂದಲೂ ಅಲ್ಲಿ ಹೋಗಿಬರುವುದು, ಕೊಟ್ಟು ತರುವುದು ನಡೆದಿರುತ್ತದೆ, ರೀತಿನೀತಿಗಳೂ ಹತ್ತಿರ ಇರುತ್ತವೆ.

ಇದರಿಂದ ನಷ್ಟವೂ ಇದೆ ನೋಡು. ಒಂದು ಕಡೆ ಸಂಬಳ ಕೊಡ್ತೀವಿ ಅಂದರೂ ಆಳು ಸಿಗಲ್ಲ, ಇನ್ನೊಂದು ಕಡೆ ಕೆಲಸ ಇಲ್ಲದೆ ಕೂತವರು ಅಲ್ಲಿಗೆ ಹೋಗಲ್ಲ. ಜನರನ್ನು ಕರೆಸಿಕೊಳ್ಳಬೇಕು ಅನ್ನುವ ಊರು, ಬಂದವನಿಗೆ ಬಾಡಿಗೆ ಮನೆ ಸಲೀಸಾಗಿ ಸಿಗುತ್ತಾ, ಅವನು ಬಾಯಿ ಬಿಟ್ಟರೆ ಜನ ನಗ್ತಾರಾ, ಅವನ ಮಕ್ಕಳ ಜೊತೆ ಅಕ್ಕಪಕ್ಕದ ಮಕ್ಕಳು ಆಡ್ತಾರಾ ಅಂತ ಮೊದಲು ನೋಡಿಕೊಳ್ಳಲಿ. ರಂಗಮಂದಿರದ ಬಗ್ಗೆ ನೀನು ಸಿಕ್ಕಾಗ ಜಗಳ ಆಡೋಣ.

ನಿನ್ನವನು