ನಲವತ್ತನೇ ಪುಟದ ಬಸ್ ಟಿಕೆಟ್

ಮಾನ್ಯರೆ,

ನಿಮ್ಮ ಭಾನುವಾರದ ಪುಸ್ತಕ ಪುಟವನ್ನು ನಾನು ಸೋಮವಾರ ಓದುತ್ತೇನೆ. ಕಾರಣ ಹೇಳಿದರೆ ಬೇಜಾರು ಮಾಡ್ಕೋಬೇಡಿ. ದಾವಣಗೆರೆಯ ಮಂಡಿಪೇಟೆ ಹತ್ತಿರ ನನ್ನದೊಂದು ಬೈಂಡಿಂಗ್ ಅಂಗಡಿ ಇದೆ. ರಟ್ಟಿಗೆ ಅಂಟು ಹಚ್ಚುವಾಗ ಕೆಳಗೆ ಹಳೇ ಪೇಪರ್ ಹಾಸಬೇಕು. ನಿನ್ನೆಯದನ್ನೇ ಹಾಸುತ್ತೇನೆ. ಬ್ರಷ್ ಆಡಿಸುತ್ತಾ ಆಡಿಸುತ್ತಾ ಕಣ್ಣು ಅಕ್ಷರದ ಮೇಲೆ ಹೋಗುತ್ತದೆ. ಹೀಗೆ ಮೈದಾ ಅಂಟಿನ ನಡುವೆಯೇ ನಿಮ್ಮ ವಿಮರ್ಶೆಗಳನ್ನು ಎಷ್ಟೋ ವರ್ಷದಿಂದ ಓದಿಕೊಂಡು ಬಂದಿದ್ದೇನೆ.

ಹೋದ ತಿಂಗಳು ಸುಮ್ನೆ ಎಣಿಸಿದೆ. ನಾಲ್ಕು ಭಾನುವಾರಕ್ಕೆ 11 ಪುಸ್ತಕ. ಆರು ‘ಓದಲೇಬೇಕಾದ ಕೃತಿ’. ಎರಡು ‘ಕನ್ನಡಕ್ಕೆ ಹೊಸ ಸೇರ್ಪಡೆ’. ಒಂದು ‘ಪ್ರತಿ ಮನೆಯಲ್ಲೂ ಇರಬೇಕಾದದ್ದು’. ಮಿಕ್ಕ ಎರಡರ ಮೇಲೆ ಅಂಟು ಬಿದ್ದು ಓದಲಾಗಲಿಲ್ಲ, ಆದರೆ ಬೈದಿರಲಾರರು. ಅಲ್ಲ ಸ್ವಾಮಿ, ಸಂತೆಯಿಂದ 11 ಮಾವಿನ ಹಣ್ಣು ತಂದರೆ ಒಂದಾದರೂ ಹುಳಿ ಇರುತ್ತದೆ ಅಲ್ವಾ?

ನಮ್ಮ ಕೈಗೆ ಪುಸ್ತಕ ಬರುವುದು ಅದರ ಅರ್ಧ ಆಯುಸ್ಸು ಮುಗಿದ ಮೇಲೆ. ಅಷ್ಟು ಹೊತ್ತಿಗೆ ಮುಖಪುಟ ಕಿತ್ತಿರುತ್ತದೆ. ಹಿಂದೆ ಅಚ್ಚು ಹಾಕಿದ್ದ ಹೊಗಳಿಕೆಯೂ ಹರಿದು ಹೋಗಿರುತ್ತದೆ. ಯಾರು ಎಷ್ಟು ಓದಿದರು ಅನ್ನುವ ಲೆಕ್ಕ ಮಾತ್ರ ಉಳಿದಿರುತ್ತದೆ. ಓದಿದ ಹಾಳೆಯ ಮೂಲೆ ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಒಂದು ಕಡೆ ಅರಿಶಿನದ ಬೆರಳು, ಇನ್ನೊಂದು ಕಡೆ ಬೆಣ್ಣೆದೋಸೆಯ ಜಿಡ್ಡು, ಸಂದಿಯಲ್ಲಿ ಮಂಡಕ್ಕಿ ಚೂರು. ಹೊಲಿಗೆ ಪುಸ್ತಕದಲ್ಲಿ 16 ಪುಟಕ್ಕೆ ಒಂದು ಫಾರಂ. ಬೆನ್ನಿನ ಹಳೇ ಅಂಟು ಕೆರೆದು, ದಾರ ಕತ್ತರಿಸಿ, ಫಾರಂಗಳನ್ನು ಬಿಡಿಸಿ ಸಾಲಾಗಿ ಇಟ್ಟರೆ ಸಾಕು, ಓದುಗ ಎಲ್ಲಿಯವರೆಗೆ ನಡೆದ, ಎಲ್ಲಿ ಕೂತುಬಿಟ್ಟ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಹೋದ ವಾರ ಒಂದು ಲೈಬ್ರರಿಯಿಂದ ದೊಡ್ಡ ಪ್ರಶಸ್ತಿ ಬಂದ ಕಾದಂಬರಿಯೊಂದು ಬಂತು. ಹೆಸರು ಬೇಡ. ಓದಿ ಓದಿ ಹರಿದದ್ದಲ್ಲ, ಬೆನ್ನಿನ ಅಂಟು ಒಣಗಿ ಬಿಟ್ಟುಕೊಂಡದ್ದು. ಹಿಂದಿನ ತಾರೀಕು ಚೀಟಿಯಲ್ಲಿ 23 ಸೀಲು. ಮೊದಲ ಮೂರು ಫಾರಂ ಕಂದು. ನಾಲ್ಕನೆಯದರಿಂದ ಕೊನೆಯವರೆಗೆ ಗಂಟು ಬಿಚ್ಚದ ಹೊಸ ಸೀರೆಯ ಹಾಗೆ. 40ನೇ ಪುಟದಲ್ಲಿ ಹರಿಹರದ ಒಂದು ಬಸ್ ಟಿಕೆಟ್. ಅಂದರೆ 23 ಜನ ಇದನ್ನು ಆಸೆಯಿಂದ ಮನೆಗೆ ಒಯ್ದಿದ್ದಾರೆ, ‘ಇದು ನಮ್ಮಂಥವರಿಗಲ್ಲ ಬಿಡಿ’ ಅಂತ ತಮ್ಮ ದಡ್ಡತನಕ್ಕೇ ಬೈದುಕೊಂಡು ವಾಪಸ್ ಕೊಟ್ಟಿದ್ದಾರೆ. ಒಬ್ಬರೂ ಇನ್ನೊಬ್ಬರಿಗೆ ಹೇಳಿಲ್ಲ. ನನ್ನ ತಕರಾರು ಇಷ್ಟೇ.

ನಾನು ಕೆಲಸ ಕಲಿತದ್ದು ಚಿತ್ರದುರ್ಗದಲ್ಲಿ. 1980ರಲ್ಲಿ ಎಸ್ಸೆಸ್ಸೆಲ್ಸಿ ಫೇಲಾಗಿ ಸೋದರಮಾವನ ಅಂಗಡಿ ಸೇರಿದೆ. ಬಾಡಿಗೆಗೆ ಪುಸ್ತಕ ಕೊಡುವವರು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಗೋಣಿಚೀಲದಲ್ಲಿ ತಂದು ಸುರಿಯುತ್ತಿದ್ದರು. ಐನೂರಕ್ಕೂ ಜಾಸ್ತಿ ಬರೆದವರು ಅವರು, ಚೀಲ ಖಾಲಿ ಆಗುತ್ತಲೇ ಇರಲಿಲ್ಲ. ನಾನು ಮೊದಲು ಓದಿ ಆಮೇಲೆ ಹೊಲಿಯುತ್ತಿದ್ದೆ. ಪತ್ತೇದಾರ ಪುರುಷೋತ್ತಮ ನನ್ನ ಪಾಲಿಗೆ ದೇವರು. ಯಾರೋ ಕಿಡಿಗೇಡಿ ಮೊದಲ ಪುಟದಲ್ಲೇ ಪೆನ್ಸಿಲಿನಲ್ಲಿ ಕೊಲೆಗಾರನ ಹೆಸರು ಬರೆದಿಟ್ಟಿರುತ್ತಿದ್ದ. ಅದನ್ನು ರಬ್ಬರಿನಿಂದ ಅಳಿಸುವುದು ನನ್ನ ಕೆಲಸ. ಓದದೆ ಅಳಿಸೋಕಾಗುತ್ತಾ?

ಹೋದ ವರ್ಷ ಯಾರದೋ ಅಟ್ಟದಿಂದ ಅಂಥದ್ದೇ ಒಂದು ಕಟ್ಟು ಬಂತು. ಶಟರ್ ಅರ್ಧ ಇಳಿಸಿ, ಟೀ ತರಿಸಿಕೊಂಡು ಕೂತೆ. ಏನು ಹೇಳಲಿ. ಪುರುಷೋತ್ತಮ ಮನೆಯಿಂದ ಹೊರಡುವ ಮೊದಲೇ ಕಳ್ಳ ಯಾರು ಅಂತ ನನಗೆ ಗೊತ್ತಾಗುತ್ತಿತ್ತು. ಮೂರನೆಯದಕ್ಕೆ ಆಕಳಿಕೆ ಬಂತು. ಸುಳ್ಳು ಹೇಳಲ್ಲ, ನಿರಾಸೆ ಆಯ್ತು. ಆದರೆ ಆ ಕಟ್ಟಿನ ಒಂದೊಂದು ಪುಸ್ತಕದಲ್ಲೂ ಕೊನೇ ಫಾರಂ ಮೊದಲನೆಯದಕ್ಕಿಂತ ಕೊಳೆಯಾಗಿತ್ತು. ಪ್ರಶಸ್ತಿಯವರು ಒಂದು ಸಲ ಬಂದು ನೋಡಬೇಕು.

ಇನ್ನೊಂದು ನಿರಾಸೆ ಮಗಳು ತಂದುಕೊಟ್ಟದ್ದು. ಜೀವನದಲ್ಲಿ ಮೇಲೆ ಬರುವುದು ಹೇಗೆ ಅನ್ನುವ ಪುಸ್ತಕ, ಲಕ್ಷಗಟ್ಟಲೆ ಖರ್ಚಾಗಿದೆಯಂತೆ. ಬೆಳಗ್ಗೆ ಐದಕ್ಕೆ ಏಳಿ ಅಂತಿತ್ತು. ನಮ್ಮ ಬೀದಿಗೆ ನಲ್ಲಿ ನೀರು ಬಿಡುವುದೇ ಐದಕ್ಕೆ, ಇಡೀ ಬೀದಿ ಎದ್ದಿರುತ್ತದೆ, ಮೇಲೆ ಬಂದವರು ಯಾರೂ ಇಲ್ಲ. ಎರಡನೇ ದಿನಕ್ಕೆ ಹಾಳೆಗಳೂ ಉದುರಿದವು. ಈಗಿನ ಎಷ್ಟೋ ಪುಸ್ತಕಗಳಿಗೆ ಹೊಲಿಗೆಯೇ ಇಲ್ಲ, ಬೆನ್ನು ಕತ್ತರಿಸಿ ಬಿಸಿ ಅಂಟು ಬಳಿದು ಬಿಡುತ್ತಾರೆ. ಇದು ಬೇರೆ ಪತ್ರಕ್ಕಾಗುವ ವಿಷಯ.

ಎಣಿಸಿದ್ದಕ್ಕಿಂತ ಚೆನ್ನಾಗಿ ಬಂದವೂ ಇವೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂದದ್ದು, ಸುಮಾರು 700 ಪುಟ. ಎರಡು ಸಲ ಹಿಡಿದು ಎರಡು ಸಲವೂ ಬಿಟ್ಟಿದ್ದೆ. ನಾನು ಬಯಲುಸೀಮೆಯವನು. ಆ ಮಳೆ, ಆ ಜಿಗಣೆ, ಸಿಂಬಾವಿ ಯಾವುದು, ಬೆಟ್ಟಳ್ಳಿ ಯಾವುದು, ಯಾರು ಯಾರ ಒಕ್ಕಲು ಒಂದೂ ತಲೆಗೆ ಹತ್ತಿರಲಿಲ್ಲ. ಇದರಲ್ಲಿ ಹೀರೋ ಯಾರು ಅಂತ ಹುಡುಕಿದ್ದೇ ಹುಡುಕಿದ್ದು. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಶುರುವಿನಲ್ಲೇ ಬರೆದಿಟ್ಟಿದ್ದಾರೆ. ಶುರುವಿನ ಮಾತನ್ನು ಯಾರು ಓದುತ್ತಾರೆ ಹೇಳಿ.

1990ರ ದಶಕದಲ್ಲಿ ಒಬ್ಬ ಕಾಲೇಜು ಮೇಷ್ಟ್ರು ತಮ್ಮ ಪ್ರತಿಯನ್ನು ಬೈಂಡಿಂಗಿಗೆ ಕೊಟ್ಟರು. ಬಿಚ್ಚಿ ಇಟ್ಟಿದ್ದೆ. ಸಂಜೆ ಕರೆಂಟ್ ಹೋಯಿತು. ಮೇಣದಬತ್ತಿ ಹಚ್ಚಿ, ಕೈಗೆ ಸಿಕ್ಕ ಮೊದಲ ಫಾರಂ ತೆಗೆದುಕೊಂಡೆ. ಅಂಗೈಯಷ್ಟು ಹಗುರ, ಹದಿನಾರೇ ಪುಟ. ದಪ್ಪ ಪುಸ್ತಕದ ಹೆದರಿಕೆ ಇಲ್ಲ. ಮಾರನೇ ದಿನದಿಂದ ರಾತ್ರಿಗೊಂದು ಫಾರಂ ಊಟದ ಚೀಲದಲ್ಲಿ ಮನೆಗೆ ಒಯ್ದೆ, ಬೆಳಗ್ಗೆ ತಂದು ಅದರ ಜಾಗದಲ್ಲಿ ಇಟ್ಟೆ. ಗುತ್ತಿ, ಅವನ ಹಿಂದೆ ಹಿಂದೆ ಅವನ ನಾಯಿ ಹುಲಿಯ, ಐತ, ಪೀಂಚಲು ಎಲ್ಲರೂ ದಿನಾ ಮನೆಗೆ ಬಂದು ಹೋಗುವವರ ಹಾಗೆ ಆಗಿಬಿಟ್ಟರು.

ಒಂದು ರಾತ್ರಿ ಕತ್ತಲಲ್ಲಿ ಎಡವಟ್ಟಾಯಿತು. ತಪ್ಪಿ ಕೊನೆಯ ಕಡೆಯ ಫಾರಂ ಒಯ್ದುಬಿಟ್ಟೆ. ಅದರಲ್ಲಿ ತುಂಬಿದ ಹೊಳೆಯಲ್ಲಿ ಹುಲಿಯ ಕೊಚ್ಚಿಹೋಗುತ್ತದೆ. ಹೆಂಡತಿ ನಿದ್ದೆಗಣ್ಣಲ್ಲಿ ‘ಯಾರು ಹೋದ್ರು?’ ಅಂತ ಕೇಳಿದಳು. ನಾಯಿ ಅಂದೆ. ‘ಯಾರ ಮನೇದು?’ ಅಂದಳು. ಮಾರನೇ ದಿನ ಹಿಂದಿನ ಫಾರಂಗೆ ಹೋದರೆ ಅಲ್ಲಿ ಹುಲಿಯ ಬಾಲ ಅಲ್ಲಾಡಿಸಿಕೊಂಡು ಗುತ್ತಿಯ ಜೊತೆ ಹೊರಟಿದೆ. ನನಗೆ ಗೊತ್ತು, ಅದಕ್ಕೆ ಗೊತ್ತಿಲ್ಲ. ಅಲ್ಲಿಂದ ಮುಂದಿನ ಒಂದೊಂದು ಪುಟದಲ್ಲೂ ಕಣ್ಣು ಮೊದಲು ನಾಯಿಯನ್ನೇ ಹುಡುಕುತ್ತಿತ್ತು. ಕೊಲೆಗಾರನ ಹೆಸರು ಗೊತ್ತಾದರೆ ಪತ್ತೇದಾರಿ ಸತ್ತುಹೋಗುತ್ತದೆ. ಇದು ಹಾಗಾಗಲಿಲ್ಲ.

ಮೇಷ್ಟ್ರು ಬಂದು ‘ಒಂದೂವರೆ ತಿಂಗಳು ಬೇಕೇನಯ್ಯಾ?’ ಅಂದರು. ‘ಮಳೆಗಾಲ ಸಾರ್, ಅಂಟು ಒಣಗಿರಲಿಲ್ಲ’ ಅಂದೆ. ಮಳೆಗಾಲ ಅಂತೂ ನಿಜ.

ಇನ್ನು ದುರ್ಗದ ವಿಷಯ. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಬಂದಾಗ ನನಗೆ ಎಂಟು ವರ್ಷ. ನಮ್ಮ ಕೋಟೆ, ನಮ್ಮ ಬಂಡೆಗಳು ಪರದೆ ಮೇಲೆ! ಮುಂದೆ ತ.ರಾ.ಸು. ಅವರ ‘ನಾಗರಹಾವು’ ಕಾದಂಬರಿ ಕೈಗೆ ಸಿಕ್ಕಾಗ ಸಿನಿಮಾ ಪೂರ್ತಿ ಇದರಲ್ಲಿ ಇರುತ್ತದೆ ಅಂದುಕೊಂಡು ಕೂತೆ. ಅವರ ಮೂರು ಕಾದಂಬರಿ ಸೇರಿಸಿ ಒಂದು ಸಿನಿಮಾ ಮಾಡಿದ್ದು ಅಂತ ಆಗ ನನಗೆ ಯಾರು ಹೇಳಬೇಕು? ನಾನು ಹುಡುಕಿದ್ದು ಸಿಗಲಿಲ್ಲ, ಸಿಕ್ಕಿದ್ದು ನನಗೆ ಬೇಕಿರಲಿಲ್ಲ. ಪುಸ್ತಕವೇ ಸಪ್ಪೆ ಅಂತ ತೀರ್ಮಾನ ಮಾಡಿದೆ. ತ.ರಾ.ಸು. ಅವರಿಗೆ ನಿರಾಸೆ ಆದದ್ದು ಉಲ್ಟಾ ಕಡೆಯಿಂದ. ತಮ್ಮ ನಾಗರಹಾವನ್ನು ಸಿನಿಮಾದವರು ಕೇರೆಹಾವು ಮಾಡಿದರು ಅಂದರಂತೆ, ದುರ್ಗದಲ್ಲಿ ಈಗಲೂ ಇದು ಎಲ್ಲರ ಬಾಯಲ್ಲಿದೆ.

ಆ ಒಂದು ತೀರ್ಮಾನದಿಂದ 20 ವರ್ಷಕ್ಕೂ ಜಾಸ್ತಿ ಅವರ ‘ದುರ್ಗಾಸ್ತಮಾನ’ ಮುಟ್ಟಲಿಲ್ಲ. 1982ರಲ್ಲಿ ಬಂದ ಪುಸ್ತಕ. 1984ರಲ್ಲಿ ಅವರು ತೀರಿಕೊಂಡರು, ಮರುವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪ್ರಶಸ್ತಿ ಅಂದಮೇಲೆ ನನಗೆ ಇನ್ನೂ ಅನುಮಾನ. ಅದೂ ಅಲ್ಲದೆ ಹೆಸರಲ್ಲೇ ಕೊನೆ ಇದೆ. 1779ರಲ್ಲಿ ಹೈದರಾಲಿ ದುರ್ಗ ಹಿಡಿದ, ಮದಕರಿ ನಾಯಕ ಸೆರೆ ಸಿಕ್ಕ ಅಂತ ನಮ್ಮೂರಿನ ಕೂಸಿಗೂ ಗೊತ್ತು. ಓದಿ ತಿಳಿಯುವುದೇನಿದೆ ಅಂದುಕೊಂಡಿದ್ದೆ. ಕೊನೆಗೂ ಒಬ್ಬರು ಬೈಂಡಿಂಗಿಗೆ ತಂದಾಗ ನೋಡಿದೆ, ಎಲ್ಲಾ ಫಾರಂ ಒಂದೇ ಬಣ್ಣ, ಕೊನೆಯವರೆಗೆ ಕಂದು. ಆ ಬಣ್ಣಕ್ಕೆ ಮರ್ಯಾದೆ ಕೊಟ್ಟು ಶುರು ಮಾಡಿದೆ.

ಬರೀ ಯುದ್ಧ ಇರುತ್ತದೆ ಅಂದುಕೊಂಡಿದ್ದೆ. ಜಾನಕಲ್ಲಿನಿಂದ ಕರೆತಂದು ಪಟ್ಟ ಕಟ್ಟಿದ ಹುಡುಗ ಮದಕರಿ ನಮ್ಮ ಕಣ್ಣೆದುರೇ ದೊಡ್ಡವನಾಗುತ್ತಾನೆ. ಯಾರನ್ನು ನಂಬಬೇಕು, ಯಾರನ್ನು ಬಿಡಬೇಕು ಅನ್ನುವುದೇ ಅವನಿಗೆ ಯುದ್ಧಕ್ಕಿಂತ ದೊಡ್ಡ ಪೀಕಲಾಟ. ನಾನು ಚಡ್ಡಿ ಹರಿದುಕೊಂಡು ಜಾರಿದ ಬಂಡೆ, ಅಮ್ಮನ ಕೈಲಿ ಬೈಸಿಕೊಂಡ ಹೊಂಡ, ಏದುಸಿರು ಬಿಟ್ಟು ಹತ್ತಿದ ತುಪ್ಪದ ಕೊಳದ ಬತ್ತೇರಿ ಎಲ್ಲಾ ಇದ್ದಲ್ಲೇ ಇದ್ದವು, ಆದರೆ ಅಲ್ಲಿ ಜನ ಇದ್ದರು. ಕೊನೇ ಎರಡು ರಾತ್ರಿ ನಿಧಾನಕ್ಕೆ ಓದಿದೆ, ನಾನು ಓದಿ ಮುಗಿಸಿದರೆ ತಾನೇ ಬೀಳುವುದು ಅನ್ನುವ ಹಾಗೆ.

ಮುಗಿಸಿದ ಬೆಳಗ್ಗೆ ಅಂಗಡಿ ತೆಗೆಯದೆ ದುರ್ಗದ ಬಸ್ ಹತ್ತಿದೆ. ಮಾವ ಆಗ ಇನ್ನೂ ಇದ್ದರು. ಕಟ್ಟೆ ಮೇಲೆ ಕೂತು ದಬ್ಬಣ ಮಸೆಯುತ್ತಿದ್ದರು. ‘ದುರ್ಗ ಬಿತ್ತು ಮಾವ’ ಅಂದೆ. ಗಾಬರಿಯಿಂದ ಎದ್ದು ನಿಂತು ‘ಯಾವ ಕಡೇದು? ರಾತ್ರಿ ಮಳೆಗಾ?’ ಅಂದರು. ಅತ್ತೆ ಒಳಗಿಂದ ಓಡಿಬಂದು ಕೋಟೆ ಕಡೆ ನೋಡಿದರು.

(ತ.ರಾ.ಸು. ದುರ್ಗದವರು ಅಂತ ಮಾವ ಎದೆ ತಟ್ಟುತ್ತಿದ್ದರು. ಹುಟ್ಟಿದ್ದು ನಮ್ಮ ಮಲೇಬೆನ್ನೂರಲ್ಲಿ ಅಂತ ನಾನು. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆಗುವ ತನಕ ಈ ಜಗಳಕ್ಕೆ ಜಾಗವೇ ಇರಲಿಲ್ಲ.)

ಇನ್ನೊಂದೇ ಹೇಳಿ ಮುಗಿಸುತ್ತೇನೆ. ನಮ್ಮ ನಾಡಿನ ಕಲ್ಲುಬರಹಗಳನ್ನೆಲ್ಲ ಕೂಡಿಸಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಸಾಹೇಬರ ಶಾಸನ ಸಂಪುಟ, ಚಿತ್ರದುರ್ಗ ಜಿಲ್ಲೆಯದು, 1903ರದ್ದು, ಒಮ್ಮೆ ಹೊಲಿಗೆಗೆ ಬಂದಿತ್ತು. ಕಬ್ಬಿಣದ ಕಡಲೆ ಅಂತ ದೂರ ಇಟ್ಟಿದ್ದೆ. ತಂದವರೇ ಕೂರಿಸಿಕೊಂಡು ಹೇಳಿದರು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆಯಲ್ಲ, ಅದನ್ನು ಬರೆದ ಲಿಪಿಕಾರ ಚಪಡ ಅಂತ. ಶಾಸನವೆಲ್ಲ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ತನ್ನ ಕಸುಬಿನ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ, ದೂರದ ವಾಯವ್ಯ ಸೀಮೆಯ ಲಿಪಿ ಅದು. ಇಲ್ಲಿ ಯಾರೂ ಓದಲಾರರು ಅಂತ ಗೊತ್ತಿದ್ದೂ ಬರೆದನೋ ಏನೋ. ಆ ಸಂಪುಟದ ರಟ್ಟಿನ ಒಳಗೆ, ಅಂಟು ಹಚ್ಚುವ ಮೊದಲು, ಪೆನ್ಸಿಲಿನಲ್ಲಿ ನನ್ನ ಹೆಸರು ಬರೆದೆ. 40 ವರ್ಷದಲ್ಲಿ ಅದೊಂದೇ ಸಲ.

ನನ್ನ ಕೋರಿಕೆ ಇಷ್ಟು. ಪುಸ್ತಕ ಪುಟದಲ್ಲಿ ಒಂದು ಸಣ್ಣ ಅಂಕಣಕ್ಕೆ ಜಾಗ ಕೊಡಿ. ಏನೆಣಿಸಿ ಪುಸ್ತಕ ಹಿಡಿದೆವು, ಏನು ಸಿಕ್ಕಿತು ಅಂತ ಓದುಗರೇ ನಾಲ್ಕು ಸಾಲು ಬರೆಯಲಿ. ಎಷ್ಟನೇ ಪುಟಕ್ಕೆ ಕೆಳಗಿಟ್ಟೆವು ಅಂತಲೂ ಬರೆಯಲಿ, ಅದಕ್ಕೆ ನಾಚಿಕೆ ಏಕೆ? ನಿಮ್ಮ ವಿಮರ್ಶಕರೂ ಬರೆದರೆ ಇನ್ನೂ ಒಳ್ಳೆಯದು. ಆಗ ಅವರು ಚೆನ್ನಾಗಿದೆ ಅಂದದ್ದಕ್ಕೆ ನಾನು ದುಡ್ಡು ಕೊಟ್ಟೇನು.

ಆ ಪ್ರಶಸ್ತಿಯ ಕಾದಂಬರಿ ಹೊಲಿದಾಯಿತು, ಹೊಸ ರಟ್ಟು, ನೀಲಿ ಕ್ಯಾಲಿಕೊ ಬೆನ್ನು. ಬಸ್ ಟಿಕೆಟ್ ಎಸೆಯಲಿಲ್ಲ. 40ನೇ ಪುಟದಲ್ಲೇ ಇಟ್ಟಿದ್ದೇನೆ.

ಒಬ್ಬ ಬೈಂಡಿಂಗ್ ಅಂಗಡಿಯವನು,
ಮಂಡಿಪೇಟೆ, ದಾವಣಗೆರೆ