ಲಾಯದಲ್ಲಿದ್ದ ಆ ಅಣ್ಣನಿಗೆ

ಬೇಸಿಗೆ ರಜೆಯ ಕುದುರೆ ಸವಾರಿ ಶಿಬಿರಕ್ಕೆ ಮಗಳನ್ನು ಸೇರಿಸಿದ್ದೆ. ಎರಡನೇ ದಿನವೇ ಅವಳು ಲಾಯದ ಬಾಗಿಲಲ್ಲಿ ನಿಂತು ಅಳತೊಡಗಿದಳು. ಹಿಂದಿನ ದಿನ ಕುದುರೆ ತಟ್ಟನೆ ತಲೆ ಎತ್ತಿದ್ದಕ್ಕೆ ಹೆದರಿದ್ದಳು. ವಾಪಸ್ ಕರೆದುಕೊಂಡು ಹೋಗೋಣ ಅಂದುಕೊಂಡೆ.

ಕುದುರೆಯ ಮೈ ತಿಕ್ಕುತ್ತಿದ್ದ ಒಬ್ಬರು ಬಂದು ಅವಳೆದುರು ಮೊಣಕಾಲೂರಿ ಕೂತರು. "ಹತ್ತೋದು ಬೇಡ ಪುಟ್ಟಾ, ಸುಮ್ನೆ ನೋಡು" ಅಂದರು. ಕುದುರೆಗೆ ಮೂಗಿನ ಮುಂದಿರುವುದು, ಬಾಲದ ಹಿಂದಿರುವುದು ಕಾಣುವುದಿಲ್ಲ, ಅದಕ್ಕೇ ಭುಜದ ಕಡೆಯಿಂದ ಮಾತಾಡಿಸುತ್ತಾ ಹೋಗಬೇಕು ಅಂತ ತೋರಿಸಿದರು. "ಕಿವಿ ಹಿಂದಕ್ಕೆ ಒತ್ತಿಕೊಂಡ್ರೆ ಸಿಟ್ಟು. ಈಗ ಸಡಿಲವಾಗಿವೆ, ಅಲ್ವಾ?" ಅವಳ ಕೈಗೆ ಬ್ರಷ್ ಕೊಟ್ಟು, ಮೇಲೆ ತಮ್ಮ ಕೈಯಿಟ್ಟು, ಕೂದಲು ಮಲಗಿದ ದಿಕ್ಕಿಗೇ ಮೆಲ್ಲಗೆ ಎಳೆಸಿದರು. ಆಮೇಲೆ ಗೊರಸಿನ ಮಣ್ಣು ತೆಗೆಯುವುದನ್ನೂ ತೋರಿಸಿದರು. ಹಿಮ್ಮಡಿಯಿಂದ ತುದಿಯ ಕಡೆಗೆ, ನಡುವಿನ ಮೆತ್ತನೆ ಭಾಗಕ್ಕೆ ಚುಚ್ಚದ ಹಾಗೆ.

ಅಳು ಯಾವಾಗ ನಿಂತಿತೋ ಗೊತ್ತೇ ಆಗಲಿಲ್ಲ. ನನ್ನ ಮನಸ್ಸು ಎಷ್ಟೋ ಹಗುರಾಯಿತು. ಹೆಸರು ಕೇಳುವಷ್ಟರಲ್ಲಿ ಅವರು ಬಕೆಟ್ ಎತ್ತಿಕೊಂಡು ಮುಂದಿನ ಕುದುರೆಯ ಹತ್ತಿರ ಹೋಗಿದ್ದರು.

ಅಣ್ಣಾ, ತುಂಬಾ ಥ್ಯಾಂಕ್ಸ್. ನಿನ್ನೆ ಅವಳು ಮೊದಲ ಸಲ ಜೀನಿನ ಮೇಲೆ ಕೂತಳು.