ಶ್ಯೂರಿಟಿ ಇಲ್ಲದವರ ನ್ಯಾಯಮೂರ್ತಿ

ಮಾನ್ಯರೇ,

ಜಾಮೀನು ಸಿಕ್ಕರೂ ಶ್ಯೂರಿಟಿ (ಆರೋಪಿಯ ಪರವಾಗಿ ಹಣ, ಆಸ್ತಿಯ ಹೊಣೆ) ಕೊಡುವವರಿಲ್ಲದೆ ಜೈಲಿನಲ್ಲೇ ಉಳಿದವರ ಸುದ್ದಿ ಓದಿದಾಗಲೆಲ್ಲ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ನೆನಪಾಗುತ್ತಾರೆ. ಕೇರಳದ ತಲಶ್ಶೇರಿಯಲ್ಲಿ ಅವರು ರೈತರ, ಕಾರ್ಮಿಕರ ಪರ ವಾದಿಸುತ್ತಿದ್ದ ವಕೀಲರು. ಕಮ್ಯುನಿಸ್ಟರಿಗೆ ಕಾನೂನು ನೆರವು ಕೊಟ್ಟರೆಂದು 1948ರಲ್ಲಿ ಅವರನ್ನೇ ಒಂದು ತಿಂಗಳು ಜೈಲಿಗೆ ಹಾಕಿದ್ದರು. ಮುಂದೆ 1957ರಲ್ಲಿ ಮಂತ್ರಿಯಾದರು, 1968ರಲ್ಲಿ ಕೇರಳ ಹೈಕೋರ್ಟ್ ನ್ಯಾಯಮೂರ್ತಿಯಾದರು, 1973ರಲ್ಲಿ ಸುಪ್ರೀಂ ಕೋರ್ಟ್ ತಲುಪಿದರು.

ಜೈಲನ್ನು ಒಳಗಿನಿಂದ ಕಂಡವರಿಗೆ ಅದರ ನೋವು ಗೊತ್ತಿರುತ್ತದೆ, ಅಲ್ವಾ? 1978ರ ಮೋತಿರಾಮ್ ಪ್ರಕರಣವನ್ನೇ ನೋಡಿ. ಅವನೊಬ್ಬ ಬಡ ಗಾರೆ ಕೆಲಸದವನು. ಮ್ಯಾಜಿಸ್ಟ್ರೇಟರು ಕೇಳಿದ್ದು 10,000 ರೂಪಾಯಿಯ ಶ್ಯೂರಿಟಿ. ಸಹೋದರನ ಶ್ಯೂರಿಟಿಯನ್ನೂ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. ಕೃಷ್ಣ ಅಯ್ಯರ್ ಅವನ ಸ್ವಂತ ಬಾಂಡ್ (ಬರೆದುಕೊಟ್ಟ ಮುಚ್ಚಳಿಕೆ) ಮೇಲೆ, ಬರೀ 1,000 ರೂಪಾಯಿಗೆ ಬಿಡಿಸಿದರು. ತಿಹಾರ್ ಜೈಲಿನ ಕೈದಿಯೊಬ್ಬ ಇನ್ನೊಬ್ಬ ಕೈದಿಗಾದ ಚಿತ್ರಹಿಂಸೆಯ ಬಗ್ಗೆ ಬರೆದ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿದ ಪ್ರಕರಣದ ತೀರ್ಪೂ ಅವರದೇ. ಸುಮ್ನೆ ಬೇಡಿ ಹಾಕಬಾರದು ಎಂದೂ ಹೇಳಿದರು.

ಇವತ್ತಿಗೂ ಹೊರ ಜಿಲ್ಲೆಯ ಕೂಲಿಯವರಿಗೆ ಪಹಣಿ ಇರುವ ಶ್ಯೂರಿಟಿ ಎಲ್ಲಿ ಸಿಗಬೇಕು? ನಮ್ಮ ಪಕ್ಕದ ಮನೆ ಕಟ್ಟಲು ಬಂದಿದ್ದ ಹುಡುಗನೊಬ್ಬ ಇದೇ ಕಾರಣಕ್ಕೆ ಜಾಮೀನಾದ ಮೇಲೂ ವಾರಗಟ್ಟಲೆ ಒಳಗಿದ್ದ. ಕೆಳ ಕೋರ್ಟುಗಳಲ್ಲಿ ಮೋತಿರಾಮ್ ತೀರ್ಪು ಜಾಸ್ತಿ ಬಳಕೆಯಾಗಲಿ. ವಕೀಲರೂ ಅದನ್ನು ಬಿಡದೆ ಎತ್ತಿ ಹೇಳಲಿ.

– ಓದುಗ, ಹಾವೇರಿ